ಗುಡುಗಿನ ನುಡಿಯನ್ನಾಲಿಸಿದ ಕವಿ

ಆಂಗ್ಲ ಕಾವ್ಯದ ಗತಿಯನ್ನೇ ತಿರುಗಿಸಿದ ಟಿ. ಎಸ್. ಎಲಿಯಟ್ ಕವಿಯು 1888ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಜನಿಸಿದನು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ಲ್ಯಾನ್ಮನ್ ಪಂಡಿತರಲ್ಲಿ ಸಂಸ್ಕೃತವನ್ನೂ, ವುಡ್ಸ್ ಅವರಲ್ಲಿ ಪತಂಜಲಿಯ ಯೋಗದರ್ಶನವನ್ನೂ ಅಭ್ಯಸಿಸಿದನು. ಇನ್ನೂ ಆಳಕ್ಕಿಳಿದರೆ ಪಾಶ್ಚಾತ್ಯನಾಗಿ ಆಲೋಚಿಸುವುದನ್ನೇ ಮರೆಯಬೇಕಾದೀತೆಂದು ತೋರಿತು. ಅದಕ್ಕೆ ಮನವೊಪ್ಪದೆ ಹಿಂದೆಗೆದನು.

1914ರಲ್ಲಿ ಇಂಗ್ಲೆಂಡಿಗೆ ಬಂದು ನೆಲಸಿ, ಮುಂದೆ ಲಂಡನ್ನಿನ ಬ್ಯಾಂಕೊಂದರಲ್ಲಿ ಗುಮಾಸ್ತನಾದನು. ದಾಂಪತ್ಯದ ಕ್ಲೇಶ, ದುಡಿಮೆಯ ಬಳಲಿಕೆಗಳಿಂದ 1921ರಲ್ಲಿ ಅವನ ಮನಸ್ಸು ಕುಸಿಯಿತು. ರಜೆ ಪಡೆದು ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ ಚಿಕಿತ್ಸೆಗೆಂದು ನಿಂತಾಗ ‘ದಿ ವೇಸ್ಟ್ ಲ್ಯಾಂಡ್’ ಕಾವ್ಯದ ಕಡೆಯ ಭಾಗವು ಮೂಡಿತು. ಅರಸನು ಗಾಯಗೊಳ್ಳಲು ನಾಡೇ ಬರಡಾದ ಯೂರೋಪಿನ ಪುರಾಣಕಥೆಯು ಅಲ್ಲಿ ಬೃಹದಾರಣ್ಯಕೋಪನಿಷತ್ತಿನ ಗುಡುಗಿನೊಡನೆ ಸಂಧಿಸಿತು. ಪ್ರಜಾಪತಿಯ ‘ದ’ಕಾರವು ದೇವತೆಗಳಿಗೆ ದಮವೆಂದೂ, ಮನುಷ್ಯರಿಗೆ ದಾನವೆಂದೂ, ಅಸುರರಿಗೆ ದಯೆಯೆಂದೂ ಕೇಳಿಸಿತ್ತಷ್ಟೆ. ಕವಿಯಾದರೋ ಮನುಷ್ಯರ ಪಾಲಿನ ದಾನವನ್ನೇ ಮೊದಲಿಗಿರಿಸಿದನು.

1922ರಲ್ಲಿ ಕಾವ್ಯವು ಪ್ರಕಟವಾಯಿತು. 1927ರಲ್ಲಿ ಅವನು ಆಂಗ್ಲ ಧರ್ಮಸಭೆಯನ್ನು ಸೇರಿದನು, 1948ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು, 1965ರಲ್ಲಿ ಕಾಲವಶನಾದನು. ಯೌವನದಲ್ಲಿ ತೊರೆದುಬಂದ ವಿದ್ಯೆಯೇ ಆಪತ್ಕಾಲದಲ್ಲಿ ತಾನಾಗಿ ಬಂದು ಅವನ ಕೈಹಿಡಿಯಿತು. ಶ್ರದ್ಧೆಯಿಂದ ಕಲಿತ ಅಕ್ಷರವು ಎಂದಿಗೂ ವ್ಯರ್ಥವಾಗದು.