ಹುಚ್ಚಾಸ್ಪತ್ರೆಯನ್ನು ವಿದ್ಯಾಲಯವಾಗಿಸಿದ ಡಾ. ಎಂ. ವಿ. ಗೋವಿಂದಸ್ವಾಮಿ



ನಿಮ್ಹಾನ್ಸ್ ಎಂಬ ಹೆಸರನ್ನು ಕೇಳದವರು ನಮ್ಮ ಸೊಕ್ಕೆ ಹೋಬಳಿಯಲ್ಲಿ ಬಹುಶಃ ಯಾರೂ ಇರಲಾರರು. ಮನೆಯಲ್ಲಿ ಒಬ್ಬರಿಗೆ ಮನಸ್ಸಿನ ಕಾಯಿಲೆ ಬಂತೆಂದರೆ ಮೊದಲು ಗಾಳಿ ಸೋಕಿದೆ ಎನ್ನುತ್ತೇವೆ, ಆಮೇಲೆ ಯಾರೋ ಮಾಟ ಮಾಡಿಸಿದ್ದಾರೆ ಎನ್ನುತ್ತೇವೆ, ತಾಯಿತ ಕಟ್ಟಿಸುತ್ತೇವೆ, ಊರೂರು ಸುತ್ತುತ್ತೇವೆ. ಕೈಯಲ್ಲಿದ್ದ ದುಡ್ಡು ಮುಗಿದು, ರೋಗಿಯೂ ಸೊರಗಿದ ಮೇಲೆ ಯಾರೋ ಹಿರಿಯರು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ಎಂದು ಹೇಳುತ್ತಾರೆ. ಆಗ ದಾವಣಗೆರೆಗೋ ಚಿತ್ರದುರ್ಗಕ್ಕೋ ಹೋಗಿ ಬೆಂಗಳೂರಿನ ಬಸ್ಸು ಹತ್ತುತ್ತೇವೆ.

ಆ ಆಸ್ಪತ್ರೆಯ ಹೆಸರು ನಮಗೆ ಗೊತ್ತು, ಆದರೆ ಅದನ್ನು ಕಟ್ಟಿ ಬೆಳೆಸಿದವರ ಹೆಸರು ಗೊತ್ತಿಲ್ಲ. ಅಂಥವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ಡಾ. ಎಂ. ವಿ. ಗೋವಿಂದಸ್ವಾಮಿ. 1904ರಲ್ಲಿ ಜನಿಸಿ 1961ರಲ್ಲಿ ತೀರಿಕೊಂಡ ಈ ವೈದ್ಯರ ಬದುಕನ್ನು, ವಿದ್ಯಾರ್ಥಿಗಳಾದ ನೀವು ಮುಖ್ಯವಾಗಿ ಓದಬೇಕು. ಏಕೆಂದರೆ ರೋಗಿಗಳನ್ನು ಕೂಡಿಡುವ ಜಾಗವೊಂದನ್ನು ಕಲಿಯುವ ಮತ್ತು ಕಲಿಸುವ ಜಾಗವನ್ನಾಗಿ ಮಾಡಿದವರು ಅವರು. ವಿದ್ಯೆ ಬಂದ ಕಡೆ ಕರುಣೆಗೂ ಒಂದು ದಾರಿ ತೆರೆಯುತ್ತದೆ ಎಂಬುದನ್ನು ಅವರ ಬದುಕು ನಮಗೆ ತಿಳಿಸುತ್ತದೆ.

ಗೋವಿಂದಸ್ವಾಮಿಯವರು ಕೆಲಸಕ್ಕೆ ಸೇರಿದ ಆಸ್ಪತ್ರೆಯ ಹಿನ್ನೆಲೆಯನ್ನು ಮೊದಲು ನೋಡೋಣ. ಬೆಂಗಳೂರಿನಲ್ಲಿ ಮನೋರೋಗಿಗಳಿಗಾಗಿ ಒಂದು ಆಶ್ರಯಾಲಯ 1847ರಷ್ಟು ಹಿಂದೆಯೇ ಇತ್ತು. ಜನ ಅದನ್ನು ಹುಚ್ಚಾಸ್ಪತ್ರೆ ಎನ್ನುತ್ತಿದ್ದರು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. ಬದಲಾದದ್ದು ಹೆಸರಷ್ಟೇ ಎಂದು ತಿಳಿಯಬೇಡಿ. ಒಳಗಿರುವವರು ಹುಚ್ಚರಲ್ಲ, ಕಾಯಿಲೆಯವರು ಎಂಬ ತಿಳಿವಳಿಕೆ ಆ ಹೆಸರಿನಲ್ಲಿತ್ತು. ಸರ್ ಮಿರ್ಜಾ ಇಸ್ಮಾಯಿಲ್ ಅವರು ಮೈಸೂರಿನ ದಿವಾನರಾಗಿದ್ದ ಅವಧಿಯಲ್ಲಿ, ಅಂದರೆ 1926ರಿಂದ 1941ರ ನಡುವೆ, ಈ ಆಸ್ಪತ್ರೆಗೆ ಹೊಸೂರು ರಸ್ತೆಯ ವಿಶಾಲವಾದ ಜಾಗದಲ್ಲಿ ಹೊಸ ಕಟ್ಟಡಗಳಾದವು. ಡಾ. ಫ್ರಾಂಕ್ ನೊರೋನ್ಹಾ ಅದರ ಮೇಲ್ವಿಚಾರಕರಾಗಿದ್ದರು. ಅವರ ನಂತರ ಆ ಹೊಣೆ ಗೋವಿಂದಸ್ವಾಮಿಯವರ ಹೆಗಲಿಗೆ ಬಂತು.

ಅದಕ್ಕೆ ಮೊದಲು ಅವರು ವಿದೇಶಕ್ಕೆ ಹೋಗಿ ಕಲಿತು ಬಂದಿದ್ದರು. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ಅಡಾಲ್ಫ್ ಮೇಯರ್ ಎಂಬ ಪ್ರಸಿದ್ಧ ಮನೋವೈದ್ಯರ ಬಳಿ ತರಬೇತಿ ಪಡೆದರು. ಲಂಡನ್ನಿನ ಮಾಡ್ಸ್ಲೆ ಆಸ್ಪತ್ರೆಯಲ್ಲಿಯೂ ಕಲಿತರು. ಮೇಯರ್ ಅವರ ಪದ್ಧತಿ ಏನೆಂಬುದನ್ನು ನೀವು ತಿಳಿದುಕೊಂಡರೆ ಒಳ್ಳೆಯ ಮನೋವೈದ್ಯರು ಹೇಗೆ ಕೆಲಸ ಮಾಡುತ್ತಾರೆಂಬುದೂ ತಿಳಿದಂತಾಯಿತು. ರೋಗದ ಹೆಸರು ಹೇಳಿ ಔಷಧಿ ಬರೆದುಕೊಟ್ಟರೆ ಸಾಲದು, ಆ ಮನುಷ್ಯನ ಇಡೀ ಬದುಕನ್ನು ನೋಡಬೇಕು ಎಂಬುದು ಅವರ ನಿಲುವು. ಹುಟ್ಟಿದಂದಿನಿಂದ ನಡೆದ ಮುಖ್ಯ ಘಟನೆಗಳನ್ನೂ ಬಂದುಹೋದ ಕಾಯಿಲೆಗಳನ್ನೂ ಒಂದೇ ಹಾಳೆಯಲ್ಲಿ ವರ್ಷವಾರು ಬರೆದು ಅವರು ಒಂದು ಬಾಳಿನ ನಕ್ಷೆ ಮಾಡುತ್ತಿದ್ದರು.

ನಮ್ಮ ಕಡೆಯ ಒಂದು ಉದಾಹರಣೆಯಿಂದ ಇದನ್ನು ಅರ್ಥ ಮಾಡಿಕೊಳ್ಳಿ. ಜಗಳೂರು ಸೀಮೆಯ ಒಬ್ಬ ರೈತನಿದ್ದಾನೆ ಎಂದುಕೊಳ್ಳಿ. ಎರಡು ವರ್ಷ ಮಳೆ ಕೈಕೊಟ್ಟಿತು, ಬೋರ್‌ವೆಲ್ ಬತ್ತಿತು, ಮಗಳ ನಿಕಾಹ್‌ಗೆ ಮಾಡಿದ ಸಾಲ ತೀರಲಿಲ್ಲ. ಆತ ರಾತ್ರಿ ನಿದ್ದೆ ಮಾಡುವುದಿಲ್ಲ, ಯಾರೊಂದಿಗೂ ಮಾತಾಡುವುದಿಲ್ಲ, ಊಟ ಬಿಟ್ಟಿದ್ದಾನೆ. ಅವನ ತಂದೆಗೂ ಹಿಂದೆ ಹೀಗೇ ಆಗಿತ್ತು. ಒಬ್ಬ ವೈದ್ಯರು ನಿದ್ದೆಯ ಗುಳಿಗೆ ಕೊಟ್ಟು ಕಳುಹಿಸಬಹುದು. ಮೇಯರ್ ಅವರ ದಾರಿಯಲ್ಲಿ ಕಲಿತ ವೈದ್ಯರು ಮಳೆಯನ್ನೂ ಸಾಲವನ್ನೂ ತಂದೆಯ ಕಾಯಿಲೆಯನ್ನೂ ಕೇಳುತ್ತಾರೆ, ಹೆಂಡತಿ ಮಕ್ಕಳನ್ನೂ ಕರೆದು ಮಾತಾಡಿಸುತ್ತಾರೆ. ಔಷಧಿಯನ್ನೂ ಕೊಡುತ್ತಾರೆ.

ಈ ವಿಚಾರ ನಮ್ಮ ಪೂರ್ವಿಕರಿಗೆ ಹೊಸದಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಕ್ರಿ.ಶ. 850ರಿಂದ 934ರವರೆಗೆ ಬದುಕಿದ್ದ ಅಬೂ ಝೈದ್ ಅಲ್-ಬಲ್ಖೀ ಎಂಬ ವಿದ್ವಾಂಸರು ದೇಹದ ಆರೋಗ್ಯವನ್ನೂ ಮನಸ್ಸಿನ ಆರೋಗ್ಯವನ್ನೂ ಒಂದೇ ಗ್ರಂಥದಲ್ಲಿ ವಿವರಿಸಿದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣ ತಿಳಿಯದೆ ಕವಿಯುವ ದುಃಖ ಬೇರೆ ಎಂದು ಅವರು ವಿಂಗಡಿಸಿದ್ದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಇತರ ರೋಗಿಗಳ ಜೊತೆಗೆ ಮನೋರೋಗಿಗಳಿಗೂ ಸ್ಥಾನವಿತ್ತು. ಆ ಪರಂಪರೆಯ ವಾರಸುದಾರರಾದ ನಾವೇ ಇಂದು ಮನೋರೋಗವನ್ನು ಮುಚ್ಚಿಡುವುದು ವಿಷಾದದ ಸಂಗತಿ.

ಗೋವಿಂದಸ್ವಾಮಿಯವರು ಕೆಲಸ ಆರಂಭಿಸಿದ ಕಾಲದಲ್ಲಿ ಇಂದಿನ ಗುಳಿಗೆಗಳು ಇರಲಿಲ್ಲ. ತೀವ್ರ ಮನೋರೋಗಕ್ಕೆ ಒಳ್ಳೆಯ ಮದ್ದು ಎನ್ನಬಹುದಾದ ಕ್ಲೋರ್‌ಪ್ರೊಮಝೀನ್ ಬಳಕೆಗೆ ಬಂದದ್ದು 1952ರಲ್ಲಿ, ಅದೂ ಫ್ರಾನ್ಸಿನಲ್ಲಿ. ಅದಕ್ಕೆ ಮೊದಲು ಯುರೋಪಿನಲ್ಲಿ ಹಲವು ಪ್ರಯೋಗಗಳು ನಡೆಯುತ್ತಿದ್ದವು. ಕಾರ್ಡಿಯಝಾಲ್ ಎಂಬ ಔಷಧಿ ಚುಚ್ಚಿ ರೋಗಿಗೆ ಫಿಟ್ಸ್ ಬರಿಸುವುದು ಅವುಗಳಲ್ಲಿ ಒಂದು. ಈ ಚಿಕಿತ್ಸೆಯನ್ನು ಗೋವಿಂದಸ್ವಾಮಿಯವರು ಬೆಂಗಳೂರಿನಲ್ಲಿ ಪ್ರಯೋಗಿಸಿ, ಅದರ ವಿವರವನ್ನು 1939ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೆದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲ್ಯೂಕಾಟಮಿ ಶಸ್ತ್ರಚಿಕಿತ್ಸೆಯನ್ನು ಶಸ್ತ್ರವೈದ್ಯ ಡಾ. ಬಿ. ಎನ್. ಬಾಲಕೃಷ್ಣ ರಾವ್ ಅವರ ಜೊತೆಗೂಡಿ ಮಾಡಿಸಿ, 1944ರಲ್ಲಿ ಅದೇ ಪತ್ರಿಕೆಗೆ ಬರೆದರು.

ಈ ಚಿಕಿತ್ಸೆಗಳ ಬಗ್ಗೆ ನಾವು ಮುಚ್ಚುಮರೆಯಿಲ್ಲದೆ ಮಾತಾಡಬೇಕು. ಕಾರ್ಡಿಯಝಾಲ್ ರೋಗಿಗಳಿಗೆ ಭಯಂಕರ ಅನುಭವವಾಗಿತ್ತು. ಲ್ಯೂಕಾಟಮಿಯಿಂದ ಎಷ್ಟೋ ದೇಶಗಳಲ್ಲಿ ರೋಗಿಗಳು ಮಂಕಾದರು, ವ್ಯಕ್ತಿತ್ವವನ್ನೇ ಕಳೆದುಕೊಂಡರು. ಅದನ್ನು ಕಂಡುಹಿಡಿದ ಪೋರ್ಚುಗಲ್ ದೇಶದ ವೈದ್ಯರಿಗೆ 1949ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂದಿತ್ತು. ಆದರೂ ಒಳ್ಳೆಯ ಮದ್ದುಗಳು ಬಂದ ಮೇಲೆ ವೈದ್ಯಲೋಕ ಅದನ್ನು ಕೈಬಿಟ್ಟಿತು. ದೊಡ್ಡವರು ಮಾಡಿದ್ದೆಲ್ಲವೂ ಸರಿ ಎಂದು ಹೇಳುವುದು ಚರಿತ್ರೆಯಲ್ಲ. ಇಲ್ಲಿ ನಮಗೆ ಇರುವ ಪಾಠ ಇನ್ನೊಂದು. ಮಾಡಿದ್ದನ್ನು ಬರೆದಿಟ್ಟು, ನಾಲ್ಕು ಜನ ಬಲ್ಲವರ ಮುಂದೆ ಇಟ್ಟದ್ದರಿಂದಲೇ ಯಾವುದು ಉಪಯುಕ್ತ, ಯಾವುದು ಅಪಾಯ ಎಂಬುದು ಕ್ರಮೇಣ ಜಗತ್ತಿಗೆ ತಿಳಿಯಿತು. ಗುಟ್ಟಾಗಿ ನಡೆಯುವ ಚಿಕಿತ್ಸೆಗೆ ತಿದ್ದಿಕೊಳ್ಳುವ ಅವಕಾಶವೇ ಇರುವುದಿಲ್ಲ.

ಪಶ್ಚಿಮದಿಂದ ಕಲಿತು ಬಂದ ಗೋವಿಂದಸ್ವಾಮಿಯವರು ಈ ನೆಲದ ಜ್ಞಾನವನ್ನು ತಳ್ಳಿಹಾಕಲಿಲ್ಲ. ಭಾರತೀಯ ದರ್ಶನಗಳಲ್ಲೂ ಆಯುರ್ವೇದದಲ್ಲೂ ಮನಸ್ಸಿನ ಬಗ್ಗೆ ಇರುವ ವಿಚಾರಗಳನ್ನು ಸಂಶೋಧನೆಗೆ ಒಳಪಡಿಸಬೇಕು ಎಂದು ಅವರು 1949ರಲ್ಲಿ ಬರೆದರು. 1959ರಲ್ಲಿ ಶರಣಾಗತಿ ಎಂಬ ಭಾವವನ್ನೇ ವಿಷಯವಾಗಿ ತೆಗೆದುಕೊಂಡು ಲೇಖನ ಬರೆದರು. ದೇವರಿಗೆ ಶರಣಾಗುವುದು ಎಂಬುದು ನಮ್ಮ ಧರ್ಮದ ಹೆಸರಿನಲ್ಲಿಯೇ ಇದೆ. ನಂಬಿಕೆಯುಳ್ಳ ಮನಸ್ಸನ್ನು ವೈದ್ಯರು ಹಗುರವಾಗಿ ಕಾಣಬಾರದು ಎಂಬ ಮಾತು ಒಬ್ಬ ಮನೋವೈದ್ಯರ ಅಧ್ಯಯನದ ವಿಷಯವಾದದ್ದು ನಮಗೆ ಸಂತೋಷದ ಸಂಗತಿ.

ನಾಟಿ ಜ್ಞಾನವನ್ನು ಪರೀಕ್ಷಿಸಿದರೆ ಏನು ಸಿಗುತ್ತದೆ ಎಂಬುದಕ್ಕೆ ಸರ್ಪಗಂಧಿ ಬೇರು ಒಳ್ಳೆಯ ನಿದರ್ಶನ. ಹಕೀಮರೂ ವೈದ್ಯರೂ ಅದನ್ನು ಹುಚ್ಚಿಗೆ ಮದ್ದಾಗಿ ಬಳಸುತ್ತಿದ್ದರು. ದಿಲ್ಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಝ್ಝಮಾನ್ ಸಿದ್ದೀಖಿಯವರು 1931ರಲ್ಲಿ ಆ ಬೇರಿನಿಂದ ಒಂದು ರಾಸಾಯನಿಕವನ್ನು ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನ್ ಅವರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. ಅದೇ ವರ್ಷ ಕಲ್ಕತ್ತೆಯ ವೈದ್ಯರಿಬ್ಬರು ರಕ್ತದೊತ್ತಡ ಮತ್ತು ಮನೋರೋಗದಲ್ಲಿ ಆ ಬೇರಿನ ಗುಣವನ್ನು ವರದಿ ಮಾಡಿದರು. 1950ರ ದಶಕದಲ್ಲಿ ಅದೇ ಬೇರಿನಿಂದ ತೆಗೆದ ರೆಸರ್ಪೀನ್ ಜಗತ್ತಿನ ಮನೋರೋಗ ಆಸ್ಪತ್ರೆಗಳನ್ನು ಮುಟ್ಟಿತು.

ಈಗ ಅವರ ಬದುಕಿನ ಮುಖ್ಯ ಸಾಧನೆಗೆ ಬರೋಣ. ದೇಶದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ಇಂಗ್ಲೆಂಡಿನಲ್ಲಿ ಸುಮಾರು 300 ಜನರಿಗೆ ಒಂದರಂತೆ ಮನೋರೋಗಿಗಳ ಹಾಸಿಗೆ ಇದ್ದರೆ, ಭಾರತದಲ್ಲಿ ಸುಮಾರು 40,000 ಜನರಿಗೆ ಒಂದು ಹಾಸಿಗೆ ಇತ್ತು. ಹಾಸಿಗೆಗಿಂತ ದೊಡ್ಡ ಕೊರತೆ ಎಂದರೆ ಕಲಿತ ಜನರದ್ದು. ವೈದ್ಯರಿಗೆ ಈ ವಿದ್ಯೆಯನ್ನು ಕಲಿಸುವ ವ್ಯವಸ್ಥೆ ದೇಶದಲ್ಲಿ ತೀರಾ ಕಡಿಮೆ ಇತ್ತು. ಆದ್ದರಿಂದ ಕೇಂದ್ರ ಸರ್ಕಾರ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಿನ ಆಸ್ಪತ್ರೆಯ ಜೊತೆಗೇ 1954ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಸ್ಥಾಪಿಸಿದವು. ಅದರ ಮೊದಲ ನಿರ್ದೇಶಕರು ಗೋವಿಂದಸ್ವಾಮಿ.

ಅಲ್ಲಿ ಮನೋವೈದ್ಯರಿಗೊಂದು ಡಿಪ್ಲೊಮಾ, ಮನಶ್ಶಾಸ್ತ್ರ ಓದಿದವರಿಗೊಂದು, ನರ್ಸ್‌ಗಳಿಗೊಂದು ಎಂದು ಬೇರೆ ಬೇರೆ ತರಬೇತಿಗಳು ಆರಂಭವಾದವು. ಇದರ ಮಹತ್ವವನ್ನು ಗಮನಿಸಿ. ಮನೋರೋಗಿಯ ಆರೈಕೆ ವೈದ್ಯರೊಬ್ಬರಿಂದ ಆಗುವ ಕೆಲಸವಲ್ಲ. ಔಷಧಿ ಬರೆಯುವವರು ಬೇಕು, ಗಂಟೆಗಟ್ಟಲೆ ಕುಳಿತು ಮಾತು ಕೇಳುವವರು ಬೇಕು, ಹಗಲು ರಾತ್ರಿ ನೋಡಿಕೊಳ್ಳುವ ನರ್ಸ್ ಬೇಕು. ಇವರೆಲ್ಲ ಒಂದೇ ಸೂರಿನಡಿ ಕಲಿತು ದೇಶದ ಮೂಲೆಮೂಲೆಗೆ ಹೋದರು.

ಅವರು ತೀರಿಕೊಂಡ ಮೇಲೆ ಸಂಸ್ಥೆ ನಿಲ್ಲಲಿಲ್ಲ. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿಯ ವೈದ್ಯರು ಬೆಂಗಳೂರಿನ ಪಕ್ಕದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದು ಹಳ್ಳಿಯ ಜನರ ಬಳಿಗೆ ಹೋದರು. 1980ರ ದಶಕದಲ್ಲಿ ನಮ್ಮ ಗಡಿಗೆ ಹೊಂದಿಕೊಂಡಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಔಷಧಿ ಹತ್ತಿರದಲ್ಲೇ ಸಿಗುವಂತೆ ಮಾಡಿದರು. ಆ ಮಾದರಿಯಿಂದಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಇಷ್ಟೆಲ್ಲ ಆದರೂ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ನಡೆದ ದುರಂತವನ್ನು ನಾವು ಮರೆಯುವಂತಿಲ್ಲ. ದರ್ಗಾದ ಆಸುಪಾಸಿನಲ್ಲಿ ಖಾಸಗಿಯವರು ನಡೆಸುತ್ತಿದ್ದ ಒಂದು ವಸತಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಿಗಿದಿದ್ದ 28 ಮನೋರೋಗಿಗಳು ಓಡಲಾರದೆ ಪ್ರಾಣ ಬಿಟ್ಟರು. ಅವರನ್ನು ಅಲ್ಲಿಗೆ ಕರೆತಂದವರು ಶತ್ರುಗಳಲ್ಲ, ಗುಣವಾಗಲೆಂದು ಹಾರೈಸಿದ ಮನೆಯವರೇ. ತಿಳಿವಳಿಕೆ ಇಲ್ಲದ ಪ್ರೀತಿಯೂ ಜೀವ ಉಳಿಸಲಾರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ದುವಾ ಮಾಡುವುದು ಬೇಡವೆಂದು ಯಾರೂ ಹೇಳುತ್ತಿಲ್ಲ. ದುವಾ ಮಾಡಿ, ಜೊತೆಗೆ ದವಾ ಕೊಡಿಸಿ. ಕಾಯಿಲೆಗೆ ಚಿಕಿತ್ಸೆ ಪಡೆಯುವಂತೆ ಪ್ರವಾದಿ (ಸ) ಅವರೇ ಉಪದೇಶಿಸಿದ್ದಾರೆ. ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿ. ಕಟ್ಟಿಹಾಕಬೇಡಿ, ಹೊಡೆಯಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯನ್ನು ಸರಪಳಿಯಲ್ಲಿ ಬಿಗಿಯುವುದು ನಿಷಿದ್ಧ. ಎಲ್ಲದಕ್ಕೂ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಜಗಳೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ದಾವಣಗೆರೆಯ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ವಿಚಾರಿಸಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಫೋನ್ ಮಾಡಿದರೆ ಖರ್ಚಿಲ್ಲದೆ ಸಲಹೆ ಸಿಗುತ್ತದೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೊಂದು ಮಾತು. ಇಂದು ಮನೋವೈದ್ಯಶಾಸ್ತ್ರದಲ್ಲಿ ಅನೇಕ ಕವಲುಗಳಿವೆ. ಮಕ್ಕಳ ಮನಸ್ಸನ್ನೇ ಅಭ್ಯಾಸ ಮಾಡಿದವರಿದ್ದಾರೆ, ಕುಡಿತ ಮತ್ತು ಮಾದಕ ವ್ಯಸನ ಬಿಡಿಸುವವರಿದ್ದಾರೆ, ಹೆರಿಗೆಯ ನಂತರ ಕಂಗೆಡುವ ತಾಯಂದಿರನ್ನು ನೋಡುವವರಿದ್ದಾರೆ, ವಯಸ್ಸಾದವರ ಮರೆವಿನ ಕಾಯಿಲೆಗೆ ಚಿಕಿತ್ಸೆ ಕೊಡುವವರಿದ್ದಾರೆ. ನಮ್ಮ ತಾಯಂದಿರು ತಮ್ಮ ನೋವನ್ನು ತಮ್ಮ ಮನೆಮಾತಿನಲ್ಲಿ, ಉರ್ದುವಿನಲ್ಲೋ ಕನ್ನಡದಲ್ಲೋ ಹೇಳಿಕೊಳ್ಳಲು ಬಯಸುತ್ತಾರೆ. ಅದನ್ನು ಕೇಳಿ ಅರ್ಥ ಮಾಡಿಕೊಳ್ಳುವ ವೈದ್ಯೆ, ನರ್ಸ್, ಮನಶ್ಶಾಸ್ತ್ರಜ್ಞೆ ನಿಮ್ಮಲ್ಲಿಯೇ ಯಾಕೆ ಹುಟ್ಟಬಾರದು? ಡಾಕ್ಟರ್, ಎಂಜಿನಿಯರ್ ಎಂದು ಕನಸು ಕಾಣುವಾಗ ಈ ದಾರಿಯನ್ನೂ ನೆನಪಿಡಿ.

ಗೋವಿಂದಸ್ವಾಮಿಯವರು ಹೊರಗಿನದನ್ನು ಕಲಿತು, ಒಳಗಿನದನ್ನು ಗೌರವಿಸಿ, ಎರಡನ್ನೂ ಪರೀಕ್ಷೆಗೆ ಒಡ್ಡಿ, ತಮಗೆ ಗೊತ್ತಾದದ್ದನ್ನು ಮುಂದಿನವರಿಗೆ ಕಲಿಸಿದರು. ನಮ್ಮ ಸಮುದಾಯದ ಶಿಕ್ಷಣ ಸಂಘಗಳ ಗುರಿಯೂ ಇದೇ ಅಲ್ಲವೇ? ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ನೀಡಲಿ, ಅವರ ಸೇವೆ ಮಾಡುವ ಬುದ್ಧಿಯನ್ನು ನಮ್ಮ ಮಕ್ಕಳಿಗೆ ಕೊಡಲಿ.