ಮಗ್ಗ ಹೂಡಿದ ದಾಸಿಮಯ್ಯ

ಕೊಂಕಲ್ ಸೀಮೆಯ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ನಮ್ಮದೇ ಯಾದಗಿರಿ ಜಿಲ್ಲೆಯ ಒಬ್ಬ ಕಾಯಕಜೀವಿಯನ್ನು ಅರಿತಿರಬೇಕು. ಅವರು ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯ. ಜೇಡನೆಂದರೆ ನೇಕಾರ. ಸುಮಾರು 11ನೇ ಶತಮಾನದ ಇವರು ಬಸವಣ್ಣನವರಿಗಿಂತ ಹಿಂದಿನ ವಚನಕಾರರು.

ಕಾಡಿನಲ್ಲಿ ಕಠಿಣ ತಪಸ್ಸಿಗೆ ಕುಳಿತಿದ್ದ ಅವರಿಗೆ ಶಿವನು ಕಾಣಿಸಿಕೊಂಡು, ದೇಹ ದಂಡಿಸುವುದನ್ನು ಬಿಟ್ಟು ಲೋಕದ ನಡುವೆ ದುಡಿದು ಬಾಳಲು ತಿಳಿಸಿದನೆಂಬುದು ಐತಿಹ್ಯ. ದಾಸಿಮಯ್ಯ ಊರಿಗೆ ಮರಳಿ ಮಗ್ಗ ಹೂಡಿದರು. ಪತ್ನಿ ದುಗ್ಗಳೆಯೂ ವಚನ ರಚಿಸಿದವರು. ನೇಯ್ಗೆಯಿಂದ ಮನೆ ನಡೆಯಿತು, ದಾಸೋಹವೂ ನಡೆಯಿತು. ಊರ ದೇವರು ರಾಮನಾಥನ ಅಂಕಿತದಲ್ಲಿ ಅವರ 150ಕ್ಕೂ ಹೆಚ್ಚು ವಚನಗಳು ದೊರೆತಿವೆ.

ಒಮ್ಮೆ ಕಷ್ಟಪಟ್ಟು ನೇಯ್ದ ವಸ್ತ್ರವನ್ನು ಮುದಿ ಜಂಗಮನೊಬ್ಬ ಬೇಡಿ ಪಡೆದು, ಅವರ ಕಣ್ಣೆದುರೇ ಹರಿದು ಚೂರು ಮಾಡಿದನಂತೆ. ದಾಸಿಮಯ್ಯ ಸಿಟ್ಟಾಗಲಿಲ್ಲ, ಆತನನ್ನು ಮನೆಗೆ ಕರೆದು ಸತ್ಕರಿಸಿದರು.

ರಾತ್ರಿಯೆಲ್ಲ ಕುಳಿತು ಬರೆದ ಪಾಠಯೋಜನೆ ತರಗತಿಯಲ್ಲಿ ಹತ್ತೇ ನಿಮಿಷಕ್ಕೆ ಚದುರಿಹೋಗುವುದುಂಟು. ನಿನ್ನೆ ಕಲಿಸಿದ್ದನ್ನು ಮಕ್ಕಳು ಇಂದು ಮರೆತಿರುವುದೂ ಉಂಟು. ಆಗ ಮಕ್ಕಳ ಮೇಲೆ ಸಿಟ್ಟಾಗುವ ಮೊದಲು ಈ ನೇಕಾರನನ್ನು ನೆನೆಯೋಣ. ಮರುದಿನ ಮತ್ತೆ ಹಾಸು ಹೂಡುವುದೂ ನಮ್ಮ ಕಾಯಕವೇ.