ಥಾಮಸ್ ಗ್ರಹಾಂ

ಮೂತ್ರಪಿಂಡ ಸೋತವರ ಮನೆಗಳಲ್ಲಿ ಡಯಾಲಿಸಿಸ್ ಎಂಬ ಮಾತು ಇಂದು ಹೊಸತಲ್ಲ. ರಸಾಯನಶಾಸ್ತ್ರಕ್ಕೆ ಆ ಪದವನ್ನು ಕೊಟ್ಟ ಥಾಮಸ್ ಗ್ರಹಾಂನ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಅವನ ತಾಯಿಯ ನೆನಪೇ ಮೊದಲು ಬರುತ್ತದೆ.

ಗ್ರಹಾಂ 1805ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದನು. ಮಗನು ಧರ್ಮೋಪದೇಶಕನಾಗಬೇಕೆಂಬುದು ತಂದೆಯ ಹಂಬಲ. ಮಗನಿಗೋ ರಸಾಯನಶಾಸ್ತ್ರದ ಹುಚ್ಚು. ಆ ತಂದೆಯನ್ನು ನಾನು ಹಳಿಯಲಾರೆ. ಮೂಸೆ ಬುದ್ದಲಿಗಳನ್ನು ನಂಬಿ ಹೊಟ್ಟೆ ಹೊರೆಯಬಹುದೆಂದು ಅಂದು ಎಷ್ಟು ಮಂದಿ ನಂಬಿಯಾರು? ತಂದೆಯ ಮುನಿಸಿನ ಆ ದಿನಗಳಲ್ಲಿ ತಾಯಿಯೂ ಸೋದರಿಯೂ ಅವನಿಗೆ ಒತ್ತಾಸೆಯಾಗಿ ನಿಂತರು.

1830ರಲ್ಲಿ ಗ್ರಹಾಂ ಗ್ಲಾಸ್ಗೋದಲ್ಲಿಯೇ ಪ್ರಾಧ್ಯಾಪಕನಾದನು. 1837ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿದನು. 1841ರಲ್ಲಿ ಕೆಮಿಕಲ್ ಸೊಸೈಟಿಯ ಪ್ರಥಮಾಧ್ಯಕ್ಷನಾದನು. 1855ರಲ್ಲಿ ಟಂಕಸಾಲೆಯ ಮುಖ್ಯಾಧಿಕಾರಿಯಾದನು.

ಅವನ ಮಹತ್ಕಾರ್ಯ ಪ್ರಕಟವಾದುದು 1861ರಲ್ಲಿ. ದಮ್ಮಡಿಯಂತೆ ಬಳೆಗೆ ಬಿಗಿದ ಪಾರ್ಚ್‌ಮೆಂಟ್ ಕಾಗದದ ಮೇಲೆ ದ್ರಾವಣವನ್ನು ಸುರಿದು ನೀರಿನಲ್ಲಿ ತೇಲಬಿಟ್ಟನು. ಉಪ್ಪು ಸಕ್ಕರೆಗಳು ಕಾಗದವನ್ನು ದಾಟಿದವು; ಗೋಂದು ಅಲ್ಬುಮಿನ್‌ಗಳು ಹಿಂದುಳಿದವು. ಹಿಂದುಳಿದವುಗಳಿಗೆ ಅವನು ಅಂಟು ಎಂಬರ್ಥದ ಗ್ರೀಕ್ ಪದದಿಂದ ಕೊಲಾಯ್ಡ್ ಎಂದು ಹೆಸರಿಟ್ಟನು. ಮೂತ್ರದಿಂದ ಯೂರಿಯಾವನ್ನು ಬೇರ್ಪಡಿಸಿಯೂ ತೋರಿಸಿದನು. ಕೊಲಾಯ್ಡ್ ಎಂಬುದು ವಸ್ತುವಿನ ಜಾತಿಯಲ್ಲ, ಒಂದು ಸ್ಥಿತಿ ಎಂದು ಮುಂದಿನವರು ತಿದ್ದಿದರು. ಆದರೆ ಅವನು ಕಂಡ ದಾರಿ ಅಳಿಯಲಿಲ್ಲ.

ಕಡಲಪಾಚಿಯಿಂದ ತೆಗೆದ ಸೋಡಿಯಂ ಆಲ್ಜಿನೇಟಿನ ಹನಿಗಳನ್ನು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಬಿಟ್ಟರೆ ಕ್ಯಾಲ್ಸಿಯಂ ಅಯಾನುಗಳು ಒಳಹೊಕ್ಕು ಆ ನೀಳ ಅಣುಗಳನ್ನು ಒಂದಕ್ಕೊಂದು ಹೆಣೆಯುತ್ತವೆ. ಹನಿಯು ಮೆದುವಾದ ಗುಂಡಾಗುತ್ತದೆ. ಚಿಕ್ಕದು ದಾಟಬೇಕು, ದೊಡ್ಡದು ನಿಲ್ಲಬೇಕು ಎಂಬ ಗ್ರಹಾಂನ ನಿಯಮವೇ ಇಲ್ಲಿಯೂ ನಡೆಯುವುದು. 1980ರಲ್ಲಿ ಲಿಮ್ ಮತ್ತು ಸನ್ ಎಂಬ ವಿಜ್ಞಾನಿಗಳು ಇನ್ಸುಲಿನ್ ಸ್ರವಿಸುವ ಜೀವಕೋಶಗಳ ಗುಚ್ಛಗಳನ್ನು ಇಂತಹ ಗುಂಡುಗಳಲ್ಲಿರಿಸಿ, ಮೇಲೊಂದು ಪೊರೆ ಕಟ್ಟಿ, ಮಧುಮೇಹದ ಇಲಿಗಳ ಒಡಲಲ್ಲಿ ನೆಟ್ಟರು. ಸಕ್ಕರೆ ಒಳಬಂದಿತು, ಇನ್ಸುಲಿನ್ ಹೊರಹೋಯಿತು. ದೇಹದ ಕಾವಲು ಕೋಶಗಳಿಗೆ ಮಾತ್ರ ಪ್ರವೇಶ ದೊರೆಯಲಿಲ್ಲ. ಎರಡು ಮೂರು ವಾರಗಳ ಕಾಲ ಆ ಇಲಿಗಳ ಮಧುಮೇಹ ಹತೋಟಿಯಲ್ಲಿತ್ತು.

ಅವಧಿ ಅಲ್ಪವೇ. ಆದರೂ ದಿನವೂ ಸೂಜಿ ಚುಚ್ಚಿಕೊಳ್ಳುವವರನ್ನು ಬಲ್ಲ ನನಗೆ ಅದು ಅಲ್ಪವೆನಿಸುವುದಿಲ್ಲ. ಗ್ರಹಾಂ 1869ರಲ್ಲಿ, ಟಂಕಸಾಲೆಯ ಅಧಿಕಾರದಲ್ಲಿರುವಾಗಲೇ ತೀರಿಕೊಂಡನು. ಅವನ ಕೈಕೆಳಗೆ ಅಚ್ಚಾದ ನಾಣ್ಯಗಳ ಚಲಾವಣೆ ಎಂದೋ ನಿಂತಿತು. ಅವನು ಕೊಟ್ಟ ಪದಗಳು ಮಾತ್ರ ರೋಗಿಯ ಹಾಸಿಗೆಯ ಪಕ್ಕದಲ್ಲಿ ಈಗಲೂ ಸಲ್ಲುತ್ತಿವೆ.